ಹಳದಿ ಚುಕ್ಕೆ ಇಟ್ಟ ನಟ್ಟುಗಳು

ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಮತ್ತೆ ಕೂರಿಸಿದ ಮೇಲೆ ನಮ್ಮ ಗಾಡಿಗೆ ಸುಮ್ಮನೆ ನಿಲ್ಲುವುದೇ ಮರೆತುಹೋಯಿತು. ಓಡುವಾಗ ಏನೂ ತೊಂದರೆಯಿಲ್ಲ. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಎಂಜಿನ್ ಒಮ್ಮೆ ತಾನಾಗಿಯೇ ಜೋರಾಗಿ ಕೂಗುವುದು, ಮರುಕ್ಷಣ ಉಸಿರು ಕಟ್ಟಿದಂತಾಗಿ ಬಂದ್ ಆಗುವುದು. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಿರುತ್ತಿತ್ತು. ಉಪ್ಪಲ್‌ನಿಂದ ತಾರ್ನಾಕಾ ತಲುಪಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಈ ಆಟ ಶುರು. ಒಂದು ದಿನ ಪಕ್ಕದ ಆಟೋದವನು ಕತ್ತು ಹೊರಹಾಕಿ, "ಅರೆ ಅಮ್ಮಾ, ಯೇ ತುಮ್ಹಾರೆ ಬಸ್ ಕಾ ನೈ, ಭಾಯ್ ಕೋ ಬುಲಾಲೋ!" ಎಂದ. ನಿನ್ನ ಕೈಲಾಗದು, ಅಣ್ಣನನ್ನು ಕರೆ ಎಂದು. ಕರೆಯಲು ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಾನು ಮತ್ತೆ ಕಿಕ್ ಹೊಡೆದೆ.

ಕಾರ್ಬ್ಯುರೇಟರ್ ಬಿಚ್ಚಿದ್ದು ನಾನೇ. ಮಳೆಗಾಲದಲ್ಲಿ ಪೆಟ್ರೋಲಿಗೆ ನೀರು ಸೇರಿ ಗಾಡಿ ಮುಗ್ಗರಿಸುತ್ತಿತ್ತು. ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಊರಿಗೆ ಊರೇ ಕಂಪ್ಯೂಟರ್ ಕಡೆ ಹೊರಟಿದ್ದ ಆ ವರ್ಷಗಳಲ್ಲಿ ನಾನೂ ಮಾಧಾಪುರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಸಂಬಳದ ಕೆಲಸ. ಒಂದು ಕಾರ್ಬ್ಯುರೇಟರ್ ನನಗೆ ಹೆದರಿಕೆ ಹುಟ್ಟಿಸುವಂಥದ್ದಾಗಿರಲಿಲ್ಲ.

ಗಾಡಿ, ಹಳೆಯದೊಂದು ಬೈಕು, ಅಪ್ಪನದು. ಕಲಬುರಗಿ ಕಡೆಯಿಂದ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ, ನಮ್ಮ ಕಾಲನಿಗೆ ಕಾರ್ಖಾನೆಯ ಬಸ್ಸು ಬರತೊಡಗಿದ ಮೇಲೆ ಅದನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದರು. ನಾನು ಅದರ ಮೇಲೆಯೇ ಕಲಿತೆ, ಅದರಲ್ಲೇ ಆಫೀಸಿಗೆ ಹೋಗತೊಡಗಿದೆ. ಮೊದಲು ಅಪ್ಪ ಸುಮ್ಮನಿದ್ದರು. ಅದು ದಾರಿಯಲ್ಲಿ ನಿಲ್ಲತೊಡಗಿದ ಮೇಲೆ ಸುಮ್ಮನಿರಲಿಲ್ಲ.

"ಸಂಜಿ ಮುಂದ ರೋಡಿನ್ಯಾಗ ನಿಂತ್ರ ಯಾರ್ ಬರ್ತಾರ ನಿನಗ?" ಎಂದು ಊಟದ ಹೊತ್ತಿಗೆ ಕೇಳಿದರು. "ಇದು ನೆಟ್ಟಗ ಆಗಾಂಗಿಲ್ಲ ಬೇಟಾ. ಕಾರ್ಖಾನಿಯೊಳಗ ನಮ್ಮ ಶಾಪ್‌ನಾಗ ಒಬ್ರು ಕೇಳಾಕತ್ತಾರ, ಮಗಗ ಬೇಕಂತ. ಆದಿತ್ಯವಾರ ಬಂದು ನೋಡ್ತಾರ. ಕೊಟ್ಟು ಬಿಡೂಣು. ನೀ ಆಫೀಸ್ ಕ್ಯಾಬ್‌ನಾಗ ಹೋಗು."

"ನಾ ನೆಟ್ಟಗ ಮಾಡ್ತೀನಿ," ಎಂದೆ.

"ನೀ ಮುಟ್ಟಿದ್ದಕ್ಕೇ ಕೆಟ್ಟೈತಿ."

ಆಫೀಸ್ ಕ್ಯಾಬ್ ಊರೆಲ್ಲ ಸುತ್ತಿ ಎಲ್ಲರನ್ನೂ ಇಳಿಸಿ ಕೊನೆಗೆ ಉಪ್ಪಲ್‌ಗೆ ಬರುತ್ತಿತ್ತು. ಹೊತ್ತು ಹಾಳು ಎನ್ನುವುದು ಒಂದು. ಅದರೊಳಗೆ ಎಲ್ಲರೂ ಎಲ್ಲರನ್ನೂ ಏನಾದರೂ ಕೇಳುತ್ತಿರುತ್ತಾರೆ ಎನ್ನುವುದು ಇನ್ನೊಂದು: ಮದುವೆ ಯಾವಾಗ, ಅಮೆರಿಕಾ ಯಾವಾಗ, ಯಾಕೆ ಮಾತಾಡೋದಿಲ್ಲ. ಗಾಡಿಯ ಮೇಲೆ ಕೂತಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿರಲಿಲ್ಲ; ಹೇಳಿದ್ದರೆ ಅದರ ಬಗ್ಗೆಯೂ ಕೇಳುತ್ತಿದ್ದರು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎನ್ನುವುದು ನಮ್ಮ ಕೆಲಸದ ನಿಯಮ. ನಿಂತಾಗ ಪೆಟ್ರೋಲ್ ಕೊಡುವ ಸಣ್ಣ ಜೆಟ್ಟನ್ನು ಮತ್ತೆ ಬಿಚ್ಚಿ, ವೈರಿನ ಒಂದು ತಾಮ್ರದ ಎಳೆಯನ್ನು ಅದರೊಳಗೆ ತೂರಿಸಿ ಬೆಳಕಿಗೆ ಹಿಡಿದೆ. ತೂತು ಸ್ವಚ್ಛವಾಗಿತ್ತು. ಗಾಳಿಯ ಸ್ಕ್ರೂ ತಿರುಗಿಸಿ ನೋಡಿದೆ. ತಣ್ಣಗಿದ್ದಾಗ ಹೊಂದಿದ್ದು ಬಿಸಿಯಾದಾಗ ಹೊಂದುತ್ತಿರಲಿಲ್ಲ. ಬೇರೆ ಸ್ಪಾರ್ಕ್ ಪ್ಲಗ್ ಹಾಕಿದೆ. ಅದೇ ಕಥೆ. ಹಾಗಾದರೆ ತಪ್ಪು ಕಾರ್ಬ್ಯುರೇಟರಿನ ಒಳಗಿಲ್ಲ. ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ಎಂಜಿನ್ನಿಗೆ ಹೋಗುತ್ತಿರಬೇಕು.

ಶನಿವಾರ ಮಧ್ಯಾಹ್ನ ಗಾಡಿಯನ್ನು ಕಾಲನಿಯೊಳಗೇ ಸುತ್ತು ಹೊಡೆಸಿ ಬಿಸಿ ಮಾಡಿದೆ. ಇಂಕ್ ತುಂಬುವ ಸಿರಿಂಜಿನಲ್ಲಿ ನೀರು ತೆಗೆದುಕೊಂಡು, ಎಂಜಿನ್ ಓಡುತ್ತಿರುವಾಗಲೇ ಕಾರ್ಬ್ಯುರೇಟರಿನ ಸುತ್ತ ಹನಿ ಹನಿಯಾಗಿ ಬಿಡುತ್ತ ಬಂದೆ. ಅದು ಎಂಜಿನ್ನಿಗೆ ಸೇರುವ ಜಾಗದಲ್ಲಿ ಹನಿ ಬಿದ್ದದ್ದೇ ತಡ, ಶಬ್ದ ಬದಲಾಯಿತು. ಮತ್ತೊಂದು ಹನಿ. ಮತ್ತೆ ಬದಲಾಯಿತು. ನಾನು ಬಗ್ಗಿ ನೋಡಿದೆ. ಆ ಜೋಡಣೆಯ ಎರಡು ನಟ್ಟುಗಳ ಮೇಲೂ ಹಳದಿ ಬಣ್ಣದ ಚುಕ್ಕೆಗಳಿದ್ದವು. ಒಂದರ ಮೇಲೊಂದು ಇಟ್ಟ ಚುಕ್ಕೆಗಳು; ಹಳೆಯದು ಬಿರುಕುಬಿಟ್ಟಿತ್ತು, ಮೇಲಿನದು ಹೊಸದು.

ನೋಡಿದ ಕೂಡಲೇ ನನಗೆ ತಿಳಿಯಿತು. ಅಪ್ಪನ ಕಾರ್ಖಾನೆಯಲ್ಲಿ ನಟ್ಟು ಪೂರ್ತಿ ಬಿಗಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹಳದಿ ಚುಕ್ಕೆ ಇಡುತ್ತಾರೆ. ಅಪ್ಪ ಆ ಪದ್ಧತಿಯನ್ನು ಮನೆಗೂ ತಂದಿದ್ದರು. ನಮ್ಮ ಫ್ಯಾನಿಗೆ ಹಳದಿ ಚುಕ್ಕೆ, ಕುಕ್ಕರಿನ ಹಿಡಿಕೆಗೆ ಹಳದಿ ಚುಕ್ಕೆ, ಅಜ್ಜಿಯ ವಾಕರಿಗೂ ಹಳದಿ ಚುಕ್ಕೆ. ನಾನು ಕಾರ್ಬ್ಯುರೇಟರ್ ಕೂರಿಸಿ ಒಳಗೆ ಹೋದ ಮೇಲೆ ಅವರು ಸ್ಪ್ಯಾನರ್ ತೆಗೆದುಕೊಂಡು ಬಂದಿದ್ದಾರೆ. ಗಾಡಿ ಕೆಟ್ಟಾಗಲೆಲ್ಲ ಮತ್ತೆ ಬಂದಿದ್ದಾರೆ. ಅಲ್ಲಿರುವುದು ಮೆತ್ತಗಿನ ಅಲ್ಯೂಮಿನಿಯಂ. ನಟ್ಟು ಕೂರುವ ಎರಡು ಕಿವಿಗಳನ್ನೂ ಅಷ್ಟು ಎಳೆದರೆ ಅದು ಬಗ್ಗಿ, ನಡುವೆ ಗಾಳಿ ನುಗ್ಗುವಷ್ಟು ಸಂದಿ ಬಿಡುತ್ತದೆ.

ಕಾರ್ಬ್ಯುರೇಟರ್ ಬಿಚ್ಚಿ, ಎಂಜಿನ್ನಿಗೆ ತಾಗುವ ಅದರ ಮುಖಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಅಪ್ಪನನ್ನು ಕರೆದೆ. ಸ್ಕೇಲಿನ ಕೆಳಗೆ, ನಡುವೆ, ಬೆಳಕಿನ ಗೆರೆಯೊಂದು ಕಾಣುತ್ತಿತ್ತು.

"ಅಪ್ಪಾ, ಇದನ್ನ ಎಷ್ಟ್ ಸಲ ಬಿಗಿ ಮಾಡೀರಿ?"

"ನೀ ಸಡ್ಲ ಬಿಟ್ಟಿದ್ದಿ. ಮಾಡಬಾರ್ದೇನು?"

"ಸಡ್ಲ ಇರಲಿಲ್ರಿ. ಎಷ್ಟ್ ಬೇಕೋ ಅಷ್ಟಿತ್ತು. ನೋಡ್ರಿ, ಬಗ್ಗೈತಿ."

ಅಪ್ಪ ಕಣ್ಣು ಕಿರಿದು ಮಾಡಿ ಬೆಳಕಿನ ಗೆರೆ ನೋಡಿದರು. ಸ್ಕೇಲನ್ನು ತಿರುಗಿಸಿಟ್ಟು ಇನ್ನೊಮ್ಮೆ ನೋಡಿದರು. "ಹಳೇ ಮಾಲು. ಮೊದಲಿಂದ ಹಂಗೇ ಇರ್ತೈತಿ," ಎಂದು ಒಳಗೆ ಹೋದರು.

ನಾನು ಬಸ್ಸು ಹತ್ತಿ ಸಿಕಂದರಾಬಾದಿಗೆ ಹೋಗಿ ಆ ಜೋಡಣೆಯ ನಡುವೆ ಕೂರುವ ರಬ್ಬರ್ ಉಂಗುರ ತಂದೆ. ಕಿಟಕಿಗೆಂದು ಇಟ್ಟಿದ್ದ ಗಾಜಿನ ತುಂಡಿನ ಮೇಲೆ ಎಮರಿ ಕಾಗದ ಹಾಸಿ, ಬಗ್ಗಿದ ಮುಖವನ್ನು ಸಂಜೆಯವರೆಗೂ ಉಜ್ಜಿದೆ. ಆಗಾಗ ಸ್ಕೇಲ್ ಇಟ್ಟು ನೋಡುತ್ತಿದ್ದೆ. ಬೆಳಕಿನ ಗೆರೆ ತೆಳ್ಳಗಾಗುತ್ತ ಹೋಗಿ ಕೊನೆಗೆ ಇಲ್ಲವಾಯಿತು. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಸಾಕೆನಿಸಿದಲ್ಲಿ ನಿಲ್ಲಿಸಿದೆ. ಆಮೇಲೆ ಸ್ಪ್ಯಾನರುಗಳ ಚೀಲವನ್ನು ನನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದೆ.

ಭಾನುವಾರ ಅವರು ಬಂದರು, ಅಪ್ಪನ ಶಾಪಿನವರು. ಕಾಕಾ ಎಂದು ಕರೆಯುತ್ತಿದ್ದೆ ಅವರನ್ನು. ಅಪ್ಪ ಗಾಡಿ ಚಾಲೂ ಮಾಡಿದರು. ಹೋಗಿ ಕಾಲನಿ ಸುತ್ತಿ ಬಂದು, ಬಿಸಿ ಎಂಜಿನ್ನನ್ನು ಹಾಗೇ ಬಿಟ್ಟು ಕೈ ತೆಗೆದರು. ಅದು ಹದವಾಗಿ, ಒಂದೇ ಸಮನೆ ಉಸಿರಾಡುತ್ತ ನಿಂತಿತು. ಅಪ್ಪನ ಮುಖ ಅರಳಿತು.

"ನೋಡ್ರಿ, ಹೆಂಗ ನಿಂತೈತಿ! ನಟ್ ಬೋಲ್ಟ್ ಎಲ್ಲಾ ನಾನೇ ಚೆಕ್ ಮಾಡೀನಿ."

"ಭಾಳ ಛಲೋ ಐತ್ರಿ. ಇವತ್ತೇ ಒಯ್ತೀನಿ," ಎಂದರು ಕಾಕಾ.

ಆಗ ನನಗೆ ಹೊಳೆಯಿತು, ಇದನ್ನು ಮಾರಲು ಸಿದ್ಧ ಮಾಡಿಕೊಟ್ಟವಳು ನಾನೇ ಎಂದು. ಚಹಾ ತರಲು ಒಳಗೆ ಹೋದಾಗ ಅವ್ವ ನನ್ನ ಕೈ ಹಿಡಿದು ಪಿಸುಗುಟ್ಟಿದಳು. "ಒಂದ್ ಸ್ಕ್ರೂ ಸಡ್ಲ ಮಾಡಿ ಬಾ. ಮತ್ತ ಬಂದ್ ಬೀಳ್ತೈತಿ, ಅವ್ರು ಒಯ್ಯಾಂಗಿಲ್ಲ. ನಿಮ್ಮಪ್ಪಗೂ ಗೊತ್ತಾಗಾಂಗಿಲ್ಲ."

ಅವ್ವ ಈ ಮನೆಯಲ್ಲಿ ಬಹಳಷ್ಟನ್ನು ಹೀಗೆಯೇ ಉಳಿಸಿಕೊಂಡಿದ್ದಳು. ಕಾಲು ನಿಮಿಷದ ಕೆಲಸ, ಯಾವ ಸ್ಕ್ರೂ ಎನ್ನುವುದೂ ನನಗೆ ಗೊತ್ತು. ಆದರೆ ಸರಿ ಮಾಡಿದ್ದನ್ನು ನಾನು ಕೆಡಿಸುವುದಿಲ್ಲ. ಕೆಟ್ಟಿದ್ದರೆ ಮಾತ್ರ ನನ್ನದಾಗಿ ಉಳಿಯುವ ಗಾಡಿ ನನಗೆ ಬೇಕಾಗಿರಲಿಲ್ಲ.

ಚಹಾದ ಕಪ್ಪುಗಳನ್ನು ಅವರ ಮುಂದಿಟ್ಟು, ಗಾಡಿ ಬಂದ್ ಮಾಡಿ, ಕೀಲಿ ತೆಗೆದುಕೊಂಡೆ.

"ಕಾಕಾ, ಗಾಡಿ ಕೊಡಾಂಗಿಲ್ರಿ. ನಾ ಆಫೀಸಿಗೆ ಒಯ್ತೀನಿ."

ಕಾಕಾ ನಕ್ಕರು. "ಏನ್ರೀ ಇದು, ಮನ್ಯಾಗ ಹುಕುಂ ಯಾರ್ದು?"

ಅಪ್ಪ ನನ್ನ ಕಡೆ ನೋಡದೆ, "ಹುಡುಗೀ ಮನಸ್ ಬದಲಾಗೈತಿ. ಹುಡುಗೇರ್ದು ಹಂಗೇ ಅಲ್ಲೇನ್ರಿ," ಎಂದರು.

"ನನ್ನ ಮನಸ್ ಬದಲಾಗಿಲ್ರಿ ಅಪ್ಪಾ. ಮೊದಲಿಂದ ಇದೇ ಇತ್ತು. ನೀವು ಕೇಳಿರಲಿಲ್ಲ."

"ಪೇಪರ್ ನನ್ನ ಹೆಸರಿನ್ಯಾಗ ಅದಾವ," ಎಂದರು ಅಪ್ಪ, ಈಗ ದನಿ ಏರಿಸಿ.

"ಇರ್ಲಿ. ಕೀಲಿ ಮಾತ್ರ ನಾ ಕೊಡಾಂಗಿಲ್ಲ."

ನನ್ನ ದನಿ ಏರಲಿಲ್ಲ. ಅದು ನನಗೇ ಆಶ್ಚರ್ಯ. ಕಾಕಾ ಚಹಾ ಕುಡಿದು, ಆಮೇಲೆ ಫೋನ್ ಮಾಡ್ರಿ ಎಂದು ಹೋದರು. ಅಪ್ಪ ಎದ್ದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಅಪ್ಪನ ಬಸ್ಸಿನ ಹೊತ್ತಿಗೇ ಹೊರಟೆ. ಕಾಲನಿಯ ತಿರುವಿನಲ್ಲಿ ಕಾರ್ಖಾನೆಯವರೆಲ್ಲ ಬಸ್ಸಿಗೆ ಕಾಯುತ್ತ ನಿಂತಿರುತ್ತಾರೆ. ಅಷ್ಟು ಜನರ ಕಣ್ಣು ತಪ್ಪಿಸಲು ನಾನು ಯಾವಾಗಲೂ ಹಿಂದಿನ ಓಣಿಯಿಂದ ಹೋಗುತ್ತಿದ್ದೆ. ಅಂದು ಅವರ ಮುಂದಿನಿಂದಲೇ ಹೋದೆ. ಅದಕ್ಕೂ ಮೊದಲು ಬೇಕೆಂದೇ ಕಾಲನಿಯೊಳಗೆ ಸುತ್ತು ಹೊಡೆದು ಎಂಜಿನ್ ಬಿಸಿ ಮಾಡಿಕೊಂಡಿದ್ದೆ. ದೊಡ್ಡ ರಸ್ತೆಗೆ ಸೇರಬೇಕಾದರೆ ಅಲ್ಲಿ ನಿಲ್ಲಲೇಬೇಕು. ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಅಪ್ಪ ಇದ್ದರು, ಕಾಕಾ ಇದ್ದರು, ಹೆಸರು ಗೊತ್ತಿಲ್ಲದ ಬಹಳ ಜನ ಇದ್ದರು. ಎಲ್ಲರೂ ನೋಡಿದರು. ನಾನು ಆಕ್ಸಿಲರೇಟರ್ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಎಂಜಿನ್ ಬಂದ್ ಆಗದೆ ಒಂದೇ ಸಮನೆ ಉಸಿರಾಡುತ್ತಿತ್ತು. ಅಪ್ಪ ತಲೆ ಸ್ವಲ್ಪ ವಾಲಿಸಿ ಆ ಶಬ್ದವನ್ನು ಕೇಳಿಸಿಕೊಳ್ಳುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಲಾರಿಗಳು ದಾಟಿದವು. ಗೇರ್ ಹಾಕಿ ಹೊರಟೆ.