ಸೀಲಿನ ಬಾಯಿಗೆ ಸಿಹಿನೀರು

ಮಗಳು ಆಗ ನಾಲ್ಕನೆಯ ಇಯತ್ತೆ. ನಮ್ಮೂರ ಶಾಲೆ ಅಷ್ಟಕ್ಕೇ ಮುಗಿಯುತ್ತಿತ್ತು. ಐದನೆಯದಕ್ಕೆ ಅಣ್ಣಿಗೇರಿಗೆ ಹೋಗಬೇಕು. ನನ್ನ ಅತ್ತೆ ಬೇಡ ಎಂದಿದ್ದಳು. ಗಂಡ ತಾಯಿಗೆ ಎದುರಾಡುವವನಲ್ಲ. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇರಲಿಲ್ಲ, ಸುಳ್ಳೇಕೆ ಹೇಳಲಿ.

ಸುಗ್ಗಿಯ ಒಂದು ಮಧ್ಯಾಹ್ನ ಅತ್ತೆ, ನಾನು ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತಿದ್ದೆವು. ಮಗಳು ಮಾಸ್ತರರು ಕೊಟ್ಟ ಚಿತ್ರದ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ಒಂದು ಬಿಳಿ ನರಿ ತಾಯಿಯನ್ನು ಹುಡುಕುತ್ತ ಬರ್ಫದ ನಾಡಿನಲ್ಲಿ ನಡೆಯುತ್ತದೆ, ದಾರಿಯಲ್ಲಿ ಅಲ್ಲಿಯ ಜನರನ್ನು ನೋಡುತ್ತದೆ. ಆಗ ಅವರಿಗೆ ಎಸ್ಕಿಮೋ ಎನ್ನುತ್ತಿದ್ದರು, ಈಗ ಇನುಯಿಟ್ ಅನ್ನಬೇಕಂತೆ. ಅವರ ಬರ್ಫದ ಗುಂಡು ಮನೆ ನೋಡಿ ಅತ್ತೆ ನಕ್ಕಳು.

"ಜ್ವಾಳಾ ತುಂಬೂ ಹಗೇವು ನೆಲಾ ಬಿಟ್ಟು ಮ್ಯಾಲ ಎದ್ದಂಗ ಐತಿ."

ಮುಂದಿನ ಪುಟದಲ್ಲಿ ಆ ಜನ ಸೀಲ್ ಎಂಬ ಸಮುದ್ರದ ಪ್ರಾಣಿಯನ್ನು ತಿನ್ನಲು ಹೊಡೆದು ತಂದಿದ್ದರು. ಅತ್ತೆ ಪುಸ್ತಕ ಕಸಿದು ಅಂಗಳಕ್ಕೆ ಎಸೆದಳು.

"ಲಿಂಗಾ ಕಟ್ಟಿಕೊಂಡ ಮನ್ಯಾಗ ಇಂಥಾದ್ದು ಓದತೀಯೇನಬೇ? ಸಾಕು ನಿನ್ನ ಸಾಲಿ!"

"ಅಲ್ಲಿ ಜ್ವಾಳ ಬೆಳಿಯೂದಿಲ್ಲ, ಆಯಿ," ಎಂದಳು ಮಗಳು ಅಜ್ಜಿಗೆ.

"ಕಡ್ಲಿ?"

"ಇಲ್ಲ."

"ನವಣಿ? ಅದೂ ಇಲ್ಲಾ? ಅಂಥಾ ಊರಿಗೆ ಹೆಣ್ಣು ಯಾರು ಕೊಡತಾರ?"

ನನಗೆ ನಗು ಬಂತು, ನಗಲಿಲ್ಲ. ಮಗಳು ಅಳಲೂ ಇಲ್ಲ. ಪುಸ್ತಕ ಎತ್ತಿ ತಂದು, ಬಿಟ್ಟ ಸಾಲಿನಿಂದಲೇ ಓದಿದಳು. ಸೀಲ್ ಉಪ್ಪುನೀರಿನಲ್ಲೇ ಬದುಕಿದ ಜೀವ, ಅದಕ್ಕೆ ನೀರಡಿಕೆ ಆಗಿರುತ್ತದೆ ಎಂದು ಆ ಮನೆಯ ಹೆಂಗಸು ಸತ್ತ ಸೀಲಿನ ಬಾಯಿಗೆ ಸಿಹಿನೀರು ಬಿಡುತ್ತಾಳೆ.

ಅತ್ತೆಯ ಕೈ ನಿಂತಿತು. ನಮ್ಮೂರ ಬಾವಿಗಳೆಲ್ಲ ಸವಳು, ಬಾಯಿಗಿಡಲಾರದಷ್ಟು ಉಪ್ಪು. ನಾನು ಸೊಸೆಯಾಗಿ ಬರುವ ತನಕ ದೂರದ ಕೆರೆಯಿಂದ ಕುಡಿಯುವ ನೀರು ಹೊತ್ತವಳು ಅವಳೇ.

"ಸತ್ತದ್ದಕ್ಕ ನೀರು ಕೊಡತಾರಾ? ಇನ್ನೊಮ್ಮೆ ಓದು."

ಮಗಳು ಓದಿದಳು.

"ಹಂಗಾರ ಮಂದಿ ಕೆಟ್ಟವರಲ್ಲ. ತಿನ್ನೂದು ಅವರ ಹಣೇಬಾರ."

ನರಿ ತಾಯಿಯನ್ನು ಸೇರುವ ತನಕ ಕೇಳಿದಳು. ಆಮೇಲೆ ಇನ್ನೊಂದು ಪುಸ್ತಕ ತರಿಸಿದಳು, ಮತ್ತೊಂದು ತರಿಸಿದಳು. ಮಾಸ್ತರರ ಹತ್ತಿರ ಇದ್ದದ್ದು ನಾಲ್ಕೇ.

ಜೂನ್ ಬಂತು. ಧೈರ್ಯ ಮಾಡಿ ಕೇಳಿದೆ.

"ಅತ್ತಿ, ಅಣ್ಣಿಗೇರಿ ಸಾಲ್ಯಾಗ ಹೆಸರು ಹಚ್ಚೂದು ಹೆಂಗ್ರಿ?"

"ಹಚ್ಚು. ಅಲ್ಲಿ ಪುಸ್ತಕಾ ಭಾಳ ಇರತಾವಂತ. ನನಗ ನೀ ಓದಿ ಹೇಳತೀಯೇನು? ನೀ ಒಂದು ಸಾಲು ಮುಗಸೂದ್ರಾಗ ನಾ ಸತ್ತು ಹೋಗಿರತೀನಿ."

ಅಂದದ್ದು ನಿಜವೇ, ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮರುದಿನ ಮಗಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ನಾನೇ ಕರೆದುಕೊಂಡು ಹೋದೆ.