ಹತ್ತನೇ ಬ್ರಷ್ಷು

ಬೀದಿ ಬೆಕ್ಕುಗಳ ಆಶ್ರಯಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬ್ರಷ್ ಅಕ್ಕ ಎಂದೇ. ಹುಳುಕಡ್ಡಿ ಹಿಡಿದ ಬೆಕ್ಕನ್ನು ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಯಿಂದ ಬಾಲದವರೆಗೆ ಬಾಚಿ, ಆ ಬ್ರಷ್ಷನ್ನು ಡಾಕ್ಟರಮ್ಮನಿಗೆ ಕೊಡುವುದು ಅವಳ ಕೆಲಸ. ಅವರು ಅದನ್ನು ಪರೀಕ್ಷೆಯ ತಟ್ಟೆಗೆ ಒತ್ತಿಡುತ್ತಾರೆ. ಕೆಲವು ದಿನಗಳಲ್ಲಿ ಬೂಷ್ಟು ಬೆಳೆದರೆ ರೋಗ ಇನ್ನೂ ಇದೆ ಎಂದರ್ಥ. ಒಂದು ಬೆಕ್ಕಿಗೆ ಒಂದೇ ಬ್ರಷ್ಷು. ಈ ವಿಷಯದಲ್ಲಿ ಅವಳದು ಉಡದ ಪಟ್ಟು.

ಬಾಯಿಯೇನು ಕಡಿಮೆಯೇ? ಕಸ ಗುಡಿಸುವ ತಾತ ಒಂದು ಬೋನಿನ ಬಟ್ಟೆಯನ್ನು ಇನ್ನೊಂದಕ್ಕೆ ತಾಗಿಸಿದರೆ ಸಾಕು, "ಅಯ್ಯೋ ತಾತ, ನಿಮ್ಮ ಕೈಗೊಂದು ಬೀಗ ಹಾಕ್ಬೇಕು!" ಎಂದು ಕೂಗುವಳು. ಬೆಕ್ಕು ಸಾಕಲು ಒಯ್ಯುವವರಿಗೂ ಬಿಡುಗಡೆಯಿಲ್ಲ. "ಕೂದಲು ಬಂತು ಅಂತ ಮಾತ್ರೆ ನಿಲ್ಲಿಸ್ಬೇಡಿ. ಸಾಯದೆ ಉಳಿದ ಬೂಷ್ಟು ಆಮೇಲೆ ಔಷಧಿಗೇ ಸಡ್ಡು ಹೊಡೆಯುತ್ತೆ. ನೆನಪಿರ್ಲಿ!"

ಅಂಥವಳ ಕೋಣೆಯಲ್ಲೇ ಒಂಬತ್ತು ಬೆಕ್ಕುಗಳ ಹುಳುಕಡ್ಡಿ ಜಪ್ಪಯ್ಯ ಎಂದರೂ ಹೋಗಲಿಲ್ಲ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಟರ್ಬಿನಾಫಿನ್ ಮಾತ್ರೆ ಕೊಟ್ಟಳು, ಬೋನು ಉಜ್ಜಿ ಉಜ್ಜಿ ಕೈ ಸವೆಸಿದಳು. ಒಂದು ಕಡೆ ಕೂದಲು ಚಿಗುರಿದರೆ ಪಕ್ಕದಲ್ಲೇ ಇನ್ನೊಂದು ದುಂಡನೆಯ ಬೋಳು. ಕೊನೆಗೆ ಮೇಲ್ವಿಚಾರಕ, "ಸೋಮವಾರದೊಳಗೆ ದಾರಿ ಕಾಣದಿದ್ರೆ ಒಂಬತ್ತಕ್ಕೂ ಸೂಜಿ ಚುಚ್ಚಿ ಮುಗಿಸೋದೇ. ಉಳಿದ ಅರವತ್ತು ಬೆಕ್ಕುಗಳ ಗತಿ ಏನು?" ಎಂದ. ಅವಳಿಗೆ ಊಟ ಸೇರಲಿಲ್ಲ. ತಾಯಿಯಿಲ್ಲದ ಆ ಒಂಬತ್ತನ್ನೂ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ.

ಶುಕ್ರವಾರ ಡಾಕ್ಟರಮ್ಮ ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಔಷಧಿ ಬೆರೆಸಿದ ತಟ್ಟೆಯಲ್ಲೂ ಬೂಷ್ಟು ಹುಲುಸಾಗಿ ಬೆಳೆದಿತ್ತು.

"ನಮ್ಮ ಮಾತ್ರೆಗೆ ಇದು ಕ್ಯಾರೇ ಅನ್ನಲ್ಲ. ಬೇರೆ ಔಷಧಿಗೆ ಬಗ್ಗುತ್ತೆ, ನೋಡಿದ್ದೀನಿ. ಆದ್ರೆ ಇದು ಬೆಕ್ಕಿಗೆ ಬರೋ ಮಾಮೂಲಿ ಜಾತಿ ಅಲ್ಲ, ಮನುಷ್ಯರ ಚರ್ಮದ್ದು. ಇಲ್ಲಿ ಯಾರಿಗೋ ಇದೆ. ಅವರು ಯಾರು ಅಂತ ತಿಳೀದೆ ಔಷಧಿ ಬದಲಾಯಿಸಿದ್ರೆ, ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೇ."

ಮೇಲ್ವಿಚಾರಕ ತಿರುಗಿದ್ದು ತಾತನ ಕಡೆಗೆ. "ಇನ್ಯಾರು? ದಿನಾ ಬೈಸ್ಕೊಳ್ಳೋರು ಇವ್ರೇ. ತಾತ, ನಾಳೆಯಿಂದ ಬರೋದು ಬೇಡ."

ತಾತ ಪೊರಕೆಯನ್ನು ಗೋಡೆಗೆ ಒರಗಿಸಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬ್ರಷ್ ಅಕ್ಕನ ಕೈ ಆಗಲೇ ಮೊಣಕೈಯ ಒಳಮಡಿಕೆಗೆ ಹೋಗಿತ್ತು. ಎಂಟು ತಿಂಗಳಿಂದ ಅಲ್ಲೊಂದು ಕೆಂಪು ಉಂಗುರ. ಕಡಿತ ಎದ್ದಾಗ ಅಂಗಡಿಯ ಮುಲಾಮು, ನಿಂತಾಗ ಮುಲಾಮೂ ಬಂದ್. ನಡುವೆ ತಂಗಿಯ ಮನೆಯಲ್ಲಿ ಉಳಿದಿದ್ದ ಇದೇ ಟರ್ಬಿನಾಫಿನ್ನಿನ ನಾಲ್ಕು ಮಾತ್ರೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಒಂಬತ್ತು ಮರಿಗಳನ್ನೂ ಅವಳು ಮಲಗಿಸಿಕೊಂಡು ಹಾಲು ಕುಡಿಸಿದ್ದು ಅದೇ ಮಡಿಕೆಯಲ್ಲಿ. ಸುಮ್ಮನಿದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಅಂಗಿಯ ತೋಳು ಉದ್ದವಾಗಿಯೇ ಇತ್ತು.

ಅವಳು ತೋಳನ್ನು ಮೇಲೆ ಸರಿಸಿದಳು.

"ತಾತನ್ನ ಬಿಡಿ ಸಾರ್. ನಾನೇ."

ಹೊಸ ಬ್ರಷ್ಷು ತೆಗೆದು ತನ್ನ ಮೊಣಕೈಯನ್ನು ತಾನೇ ಉಜ್ಜಿ, ಕವರಿಗೆ ಹಾಕಿ, ಮೇಲೆ 'ಹತ್ತು' ಎಂದು ಬರೆದು ಡಾಕ್ಟರಮ್ಮನ ಮುಂದಿಟ್ಟಳು. "ಕೆಲ್ಸ ಹೋದ್ರೆ ಹೋಗ್ಲಿ. ನನ್ನ ಮಕ್ಕಳಿಗೆ ಸೂಜಿ ಮಾತ್ರ ಬೇಡ." ಎದೆಗಾರಿಕೆ ಅಂದರೆ ಇದು ಕಣ್ರೀ!

ಮೇಲ್ವಿಚಾರಕ ಪೊರಕೆಯನ್ನು ತಾನೇ ಎತ್ತಿ ತಾತನ ಕೈಗೆ ಕೊಟ್ಟ. ಸೋಮವಾರದ ಸೂಜಿಯೂ ರದ್ದಾಯಿತು. ಹತ್ತನೇ ತಟ್ಟೆಯಲ್ಲಿ ಅದೇ ಬೂಷ್ಟು ಎದ್ದಿತು. ಬೆಕ್ಕುಗಳಿಗೆ ಹೊಸ ಔಷಧಿ ಶುರುವಾಯಿತು, ಅವಳಿಗೆ ವಾಸಿಯಾಗುವ ತನಕ ರಜೆ. ಚರ್ಮದ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು, ಕಡಿತ ಮೂರೇ ವಾರಕ್ಕೆ ನಿಂತರೂ, ಕೊನೆಯದರವರೆಗೆ ನುಂಗಿದಳು.

ಮೂರು ತಿಂಗಳಾದ ಮೇಲೆ ಒಂಬತ್ತೂ ಬೆಕ್ಕುಗಳ ತಟ್ಟೆಗಳು ಎರಡೆರಡು ಸಲ ಖಾಲಿ ಉಳಿದವು. ಅವಳು ಕೆಲಸಕ್ಕೆ ಮರಳಿದ ಬೆಳಿಗ್ಗೆ ಬಾಗಿಲಲ್ಲೇ ತಾತ ಅಡ್ಡ ನಿಂತಿದ್ದ. ಕೈಯಲ್ಲಿ ಹೊಚ್ಚಹೊಸ ಬ್ರಷ್ಷು.

"ಮೊದ್ಲು ಕೈ ತೋರ್ಸು ಮಗಳೇ. ಆಮೇಲೆ ಒಳಗೆ."

ಬ್ರಷ್ ಅಕ್ಕನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಜನ್ಮದಲ್ಲಿ ಮೊದಲ ಸಲ ತಾತನೆದುರು ತುಟಿಪಿಟಕ್ಕೆನ್ನದೆ, ಅಂಗಿಯ ಎರಡೂ ತೋಳು ಮೇಲಕ್ಕೆ ಮಡಚಿ ಕೈ ಚಾಚಿದಳು.