ಅಮ್ಮನ ಹಗ್ಗದ ಮರದ ಕ್ಲಿಪ್ಪು

ನಮ್ಮಮ್ಮನ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕ್ಲಿಪ್ಪುಗಳು ಎಂದೂ ಸಾಕಾಗುವುದಿಲ್ಲ. ಶಿಡ್ಲಘಟ್ಟದ ನಮ್ಮ ಮನೆಯ ಮಾಳಿಗೆಯ ಮೇಲೆ ಗಾಳಿ ಸ್ವಲ್ಪ ಜೋರು. ಹಿಡಿತವಿಲ್ಲದ ಟವೆಲ್ಲು ಹಾರಿ ಪಕ್ಕದ ಮನೆಯವರ ನೀರಿನ ತೊಟ್ಟಿಯ ಮೇಲೆ ಬಿದ್ದಾಗಲೆಲ್ಲ ಅಮ್ಮ ಅಲ್ಲಿಂದಲೇ ನನ್ನ ಹೆಸರು ಹಿಡಿದು ಬೈಯುತ್ತಾಳೆ. ಬೈಗುಳ ನ್ಯಾಯವಾದದ್ದೇ. ನಾನು ಊರಿಗೆ ಬಂದುಹೋದ ಪ್ರತಿ ಸಲವೂ ಆ ಹಗ್ಗ ಒಂದಿಷ್ಟು ಬೋಳಾಗುತ್ತದೆ, ನನ್ನ ಸೊಂಟದ ಚೀಲ ಅಷ್ಟೇ ತುಂಬಿಕೊಳ್ಳುತ್ತದೆ. ಹೊಸದನ್ನು ಕೊಂಡುಕೊಳ್ಳಲಾರದಷ್ಟು ದರಿದ್ರವೇನೂ ನನಗಿಲ್ಲ. ಆದರೆ ಅಂಗಡಿಗಳಲ್ಲಿ ಈಗ ಸಿಗುವುದೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ಕು, ನನಗೆ ಬೇಕಾದದ್ದು ಮರದ್ದು, ಅದೂ ಬಿಸಿಲಲ್ಲಿ ಒಣಗಿ ಬೂದುಬಣ್ಣಕ್ಕೆ ತಿರುಗಿದ, ಸ್ಪ್ರಿಂಗು ಇನ್ನೂ ಗಟ್ಟಿಯಿರುವ ಮರದ ಕ್ಲಿಪ್ಪು. ಅಂಥದ್ದು ನಮ್ಮಮ್ಮನ ಹಗ್ಗದ ಮೇಲಲ್ಲದೆ ಇನ್ನೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸಿನಿಮಾದವಳ ಚೀಲದಲ್ಲಿ ಬಟ್ಟೆ ಕ್ಲಿಪ್ಪಿಗೆ ಏನು ಕೆಲಸವೆಂದು ನೀವು ಕೇಳಬಹುದು. ಸಿನಿಮಾದವಳು ಎಂದಾಗ ನಮ್ಮ ಬೀದಿಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅನುಮಾನದಿಂದ ನನ್ನ ಮೊಣಕೈವರೆಗಿನ ಸುಟ್ಟ ಕಲೆಗಳನ್ನು ನೋಡುತ್ತಾರೆ. ನಾನು ಲೈಟ್ ವಿಭಾಗದವಳು. ನೀವು ತೆರೆಯ ಮೇಲೆ ನೋಡಿ ನಿಟ್ಟುಸಿರಿಟ್ಟ ಎಷ್ಟೋ ಮುಂಜಾವುಗಳನ್ನು ಹೆಗಲ ಮೇಲೆ ಹೊತ್ತು, ಏಣಿ ಹತ್ತಿ, ಕಂಬಕ್ಕೆ ಬಿಗಿದು, ವೈರು ಎಳೆದು ಹೊತ್ತಿಸಿದವರಲ್ಲಿ ನಾನೂ ಒಬ್ಬಳು. ಹೆಂಗಸಿಗೆ ಈ ಭಾರ ಆಗುತ್ತದೆಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಬರುವ ಹೆಂಗಸನ್ನು ಅವರು ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ, ಆದ್ದರಿಂದ ಉತ್ತರ ಕೊಡುವ ಗೋಜಿಗೂ ಹೋಗುವುದಿಲ್ಲ.

ಚೀಲದೊಳಗೆ ಇಣುಕಿ, ಸಂಕೋಚ ಬೇಡ. ಕೈಗೆ ಮೊದಲು ಸಿಗುವುದು ಟೆಸ್ಟರು. ಮದುವೆಮನೆಗಳಲ್ಲಿ ಸೋದರತ್ತೆಯರ ಕಣ್ಣು ನನ್ನ ಬರಿಗೊರಳಿನ ಮೇಲೆ ಬಿದ್ದು ಅಲ್ಲೇ ತಂಗುತ್ತದೆ. ಕೊರಳಲ್ಲಿ ಏನೂ ಇಲ್ಲದೆ ನಾನು ಲೋಕವನ್ನೆಲ್ಲ ಸುತ್ತಬಲ್ಲೆ, ಟೆಸ್ಟರಿಲ್ಲದೆ ಸೆಟ್ಟಿನೊಳಗೆ ಒಂದು ಹೆಜ್ಜೆ ಇಡಲಾರೆ. ಲೈನು ಆಫಾಗಿದೆ ಎಂದು ಎದುರಿನವರು ದೇವರ ಮೇಲೆ ಆಣೆಯಿಟ್ಟರೂ ನಾನು ನಂಬುವುದು ಅದರ ಹೊಟ್ಟೆಯೊಳಗಿನ ಪುಟ್ಟ ಕೆಂಪು ದೀಪವನ್ನೇ. ಆಮೇಲೆ ಕಟಿಂಗ್ ಪ್ಲೇಯರು, ಟೇಪು, ಒಂದು ಸಣ್ಣ ಚಾಕು, ನೈಲಾನ್ ಹಗ್ಗದ ತುಂಡು. ಮತ್ತೆ ಚರ್ಮದ ಗ್ಲೌಸು. ಅದನ್ನು ಮಾಡುವವರಿಗೆ ಹೆಂಗಸಿನ ಕೈ ಎಂಬುದೊಂದು ಈ ಲೋಕದಲ್ಲಿದೆ ಎಂಬ ಸುದ್ದಿ ಇನ್ನೂ ಮುಟ್ಟಿಲ್ಲ. ಬೆರಳ ತುದಿಗಳಲ್ಲಿ ಉಳಿದ ಜಾಗವನ್ನು ಅಮ್ಮ ದಬ್ಬಣ ಹಿಡಿದು ಒಳಕ್ಕೆ ಮಡಿಚಿ ಹೊಲಿದುಕೊಟ್ಟಿದ್ದಾಳೆ. ಹೊಲಿಯುವಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಒಮ್ಮೆ ತಾನೇ ಹಾಕಿಕೊಂಡು ಬೆರಳಾಡಿಸಿದಳು. ಅಮ್ಮ ರೇಷ್ಮೆ ನೂಲು ಬಿಚ್ಚುವವಳು. ಕುದಿಯುವ ನೀರಿನ ಬೇಸಿನ್ನಿನಲ್ಲಿ ತೇಲುವ ಗೂಡುಗಳೊಳಗಿಂದ ಎಳೆಯ ತುದಿಯನ್ನು ಹುಡುಕಿ ಹಿಡಿಯುವ ಆ ಕೆಲಸಕ್ಕೆ ಗ್ಲೌಸು ಹಾಕಿದ ಬೆರಳು ಬರುವುದಿಲ್ಲ. ನನ್ನ ಕೈ ಸುಡದಿರಲೆಂದು ಹೊಲಿದ ಆ ಬೆರಳುಗಳ ತುದಿ ನೀರಲ್ಲಿ ಬೆಂದೂ ಬೆಂದೂ ಬಿಳಿಚಿ ಸುಕ್ಕಾಗಿದೆ.

ಕ್ಲಿಪ್ಪು ಚೀಲದ ತಳದಲ್ಲಿರುತ್ತದೆ. ಬಲ್ಬಿನ ಲೈಟುಗಳ ಮುಂದೆ ಕಿಟಕಿಯ ಬಾಗಿಲುಗಳಂಥ ತಗಡಿನ ರೆಕ್ಕೆಗಳಿರುತ್ತವೆ. ಬಣ್ಣದ ಹಾಳೆಯೋ, ಬೆಳಕನ್ನು ಅಡ್ಡಗಟ್ಟುವ ಕಪ್ಪು ಫಾಯಿಲೋ, ಯಾವುದೇ ಆಗಲಿ, ಆ ರೆಕ್ಕೆಗೆ ಸಿಕ್ಕಿಸಬೇಕು. ರೆಕ್ಕೆಗಳು ಹಂಚಿನಂತೆ ಕಾದಿರುತ್ತವೆ. ಪ್ಲಾಸ್ಟಿಕ್ಕು ಕರಗಿ ಅಂಟಿಕೊಳ್ಳುತ್ತದೆ, ಕಬ್ಬಿಣ ಕೈ ಸುಡುತ್ತದೆ, ಮರದ ಕ್ಲಿಪ್ಪು ಮಾತ್ರ ಮೈಯೆಲ್ಲ ಕಪ್ಪಾದರೂ ಕಚ್ಚಿ ಹಿಡಿದಿರುತ್ತದೆ. ಈ ಕಸುಬಿಗೆ ಬಂದ ಹೊಸದರಲ್ಲಿ ನಾನು ತಿಳಿದದ್ದು ಬೆಳಕು ಮಾಡುವುದೇ ನಮ್ಮ ಕೆಲಸವೆಂದು. ಬೆಳಕು ಮಾಡಲು ಸ್ವಿಚ್ಚೊಂದಿದ್ದರೆ ಸಾಕು. ನಮ್ಮ ದಿನವೆಲ್ಲ ಕಳೆಯುವುದು ಅದು ಬೇಡದ ಕಡೆ ಬೀಳದಂತೆ ತಡೆಯುವುದರಲ್ಲಿ: ಈ ಗೋಡೆಗೆ ಬೇಡ, ಆ ಕಂಬಕ್ಕೆ ಬೇಡ, ಹಿಂದೆ ನಿಂತ ಅವನ ಮೇಲೆ ಬೇಡ. ಯಾರ ಮೇಲೆ ಬೇಕು, ಯಾರ ಮೇಲೆ ಬೇಡ ಎಂದು ಹೇಳುವವರು ಬೇರೆ. ನಾವು ಕ್ಲಿಪ್ಪು ಹಾಕುವವರು.

ಇದನ್ನು ನನಗೆ ಕಲಿಸಿದವನು ಬಾಬಣ್ಣ. ಚಿಂತಾಮಣಿಯವನು, ಮಾತಿಗೆ ತೆಲುಗು ಬೆರೆಸುವವನು, ನಮ್ಮ ಲೈಟ್ ತಂಡದ ಚೀಫ್. ಹೊಸ ಸೆಟ್ಟಿನಲ್ಲಿ ಮೊದಲ ಲೈಟು ಹೊತ್ತಿಸುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನೂ, ಹೊತ್ತಿಸುವಾಗ ಎದುರಿಗಿರುವವರ ಕಣ್ಣು ಕುಕ್ಕದಿರಲೆಂದು "ಲೈಟ್" ಎಂದು ಕೂಗುವುದನ್ನೂ ಹೇಳಿಕೊಟ್ಟವನು ಅವನೇ. ಇನ್ನೊಂದನ್ನೂ ಹೇಳಿಕೊಟ್ಟಿದ್ದ. "ಚೂಡಮ್ಮಾ, ನೋಡಮ್ಮಾ, ಲೈಟ್‌ನೋರಿಗೆ ಕೈ ಇರ್ಬೇಕು, ಬಾಯಿ ಇರ್ಬಾರ್ದು. ಮೇಲಿಂದ ಹೇಳ್ದೆ ಹೋದ್ರೆ ಒಂದ್ ಕ್ಲಿಪ್ಪೂ ಹಾಕ್ಬಾರ್ದು, ತೆಗೀಲೂಬಾರ್ದು." ಈ ಮಾತಿಗೆ ನಾನು ವರ್ಷಗಟ್ಟಲೆ ತಲೆಬಾಗಿದ್ದೆ.

ಹೀಗಿರುವಾಗ ರೇಷ್ಮೆಯ ಕತೆಯೊಂದನ್ನು ಚಿತ್ರ ಮಾಡಲು ಹೊರಟ ತಂಡ ನಮ್ಮೂರಿಗೇ ಬಂತು, ಅದೂ ಅಮ್ಮ ಕೆಲಸ ಮಾಡುವ ನೂಲು ಬಿಚ್ಚಾಣಿಕೆ ಘಟಕಕ್ಕೇ. ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ ಆ ಬೆಂದ ಗೂಡಿನ ವಾಸನೆಗೆ ಉಳಿದವರೆಲ್ಲ ಕರ್ಚೀಫು ಹಿಡಿದು ಓಡಾಡುತ್ತಿದ್ದರೆ ನನಗೆ ಒಳಗೊಳಗೇ ನಗು. ಕತೆಯ ನಾಯಕಿ ನೂಲು ಬಿಚ್ಚುವವಳು. ಪಾತ್ರ ಮಾಡುತ್ತಿದ್ದ ನಟಿಯ ಬೆರಳು ಸುಡಬಾರದೆಂಬ ಕಾಳಜಿಯಿಂದ ಯಾರೋ ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು ತುಂಬಿಸಿ, ಹಬೆ ಕಾಣಲೆಂದು ಹಿಂದೆ ಸಾಂಬ್ರಾಣಿ ಹೊಗೆ ಹಾಕಿಸಿದರು. ಅಂಥ ನೀರಿಗೆ ಗೂಡು ಎಳೆ ಬಿಡುತ್ತದೆಯೇ? ಆ ಹುಡುಗಿ ಪಾಪ ಎಷ್ಟು ತಡಕಾಡಿದರೂ ಗೂಡುಗಳು ಪಿಂಗ್‌ಪಾಂಗ್ ಚೆಂಡಿನಂತೆ ತೇಲಿದವೇ ಹೊರತು ಒಂದೆಳೆಯೂ ಮೇಲೆ ಬರಲಿಲ್ಲ. ಕಡೆಗೆ ನೀರು ಕಾಯಿಸಿದರು; ಅವಳು ಬೆರಳಿಟ್ಟವಳೇ ಚೀರಿ ತೆಗೆದಳು. ಆಗ ತೀರ್ಮಾನವಾಯಿತು: ಮುಖ ಅವಳದು, ಕೈ ಇನ್ನೊಬ್ಬರದು. ಘಟಕದವರು ನಮ್ಮಮ್ಮನನ್ನು ಮುಂದೆ ತಂದು ನಿಲ್ಲಿಸಿದರು.

ಅಮ್ಮನಿಗೆ ನಟಿಯದೇ ಬಣ್ಣದ ಸೀರೆ, ರವಿಕೆ, ಹಸಿರು ಗಾಜಿನ ಬಳೆ ತೊಡಿಸಿದರು. ಮೇಕಪ್ಪಿನವನು ಕೈಗೆ ಏನೋ ಹಚ್ಚಲು ಬಂದಾಗ "ನೀರಲ್ಲಿ ಇಳ್ದು ನೂಲೆಲ್ಲ ಕೆಡುತ್ತೆ, ಹೋಗಪ್ಪ ಅತ್ಲಾಗೆ" ಎಂದು ಅಟ್ಟಿದಳು. ನಟಿ ಒಳ್ಳೆಯ ಹುಡುಗಿ. ಪಕ್ಕದಲ್ಲಿ ಕೂತು ಅಕ್ಕರೆಯಿಂದಲೇ ಕೇಳಿದಳು, "ಆಂಟಿ, ನಿಮ್ಗೆ ಅಭ್ಯಾಸ ಆಗ್ಬಿಟ್ಟಿದೆ ಅಲ್ವಾ?"

"ಯಾವ ಅಭ್ಯಾಸ ಕಣಮ್ಮ? ಇವತ್ತಿಗೂ ಸುಡುತ್ತೆ" ಎಂದಳು ಅಮ್ಮ. ಎಂದು ಪಕ್ಕದಲ್ಲಿದ್ದ ತಣ್ಣೀರಿನ ಬೋಗುಣಿಗೆ ಒಮ್ಮೆ ಬೆರಳದ್ದಿ, ಬಿಸಿನೀರಿಗೆ ಕೈ ಹಾಕಿದಳು.

ಬಾಗಿಲ ಬಳಿ ಎತ್ತರದ ಸ್ಟ್ಯಾಂಡಿನ ಮೇಲೆ ಬಿಸಿಲಿನ ಸೋಗು ಹಾಕಿ ನಿಂತಿದ್ದ ದೊಡ್ಡ ಲೈಟು ನನ್ನ ವಶದಲ್ಲಿತ್ತು. ನಿರ್ದೇಶಕ ವಯಸ್ಸಿನಲ್ಲಿ ಚಿಕ್ಕವನು, ದನಿಯೇರಿಸದ ಸಭ್ಯ. ಕ್ಯಾಮೆರಾದಲ್ಲಿ ನೋಡಿ ಹೇಳಿದ, "ಮೇಡಂ, ಬೆಳಕು ಕೈ ಮೇಲೆ ಮಾತ್ರ ಬೀಳ್ಲಿ. ಮುಖ ಕಟ್ ಮಾಡಿ." ಅಮ್ಮನ ಮುಖ ಕತ್ತಲಲ್ಲಿ ಮುಳುಗಿದರೆ, ಆಮೇಲೆ ನಟಿಯ ಮುಖವನ್ನು ಜೋಡಿಸಿದಾಗ ಆ ಕೈಗಳೂ ಅವಳವೇ ಎಂದು ನೋಡುವವರು ನಂಬುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು. ನಾನೇ ಇಂಥದ್ದನ್ನು ಎಷ್ಟು ಸಲ ಮಾಡಿಲ್ಲ! ಫಾಯಿಲು ಹರಿದೆ, ರೆಕ್ಕೆಗೆ ಹಿಡಿದೆ, ಕ್ಲಿಪ್ಪು ಹಾಕಿದೆ. ನೋಡನೋಡುತ್ತಿದ್ದಂತೆ ನೆರಳು ಅಮ್ಮನ ನೆತ್ತಿಯಿಂದ ಇಳಿದು ಹಣೆ, ಕಣ್ಣು, ಬಾಯಿ ದಾಟಿ ಕತ್ತಿನ ಬಳಿ ನಿಂತಿತು. ಕೆಳಗೆ ಎರಡು ಕೈಗಳು ಮಾತ್ರ ಚಿನ್ನದಂತೆ ಹೊಳೆಯುತ್ತಿದ್ದವು.

ಅಮ್ಮ ತಲೆಯೆತ್ತಿ ಲೈಟಿನ ಕಡೆ ನೋಡಿದಳು. "ಯಾಕೆ ಪಾಪ, ಕರೆಂಟು ಹೋಯ್ತಾ?" ಎಂದು ಕೇಳಿದಳು. ನಮ್ಮ ಕಡೆ ಮಗಳು ಎಷ್ಟು ದೊಡ್ಡವಳಾದರೂ ಪಾಪ ಎಂದೇ ಕರೆಯುವುದು.

ನಾನು ಹೇಳಬೇಕಾಗಿ ಬಂತು. "ಇಲ್ಲಮ್ಮ. ನಿನ್ ಕೈ ಸಾಕಂತೆ. ಮುಖ ಬೇಡ್ವಂತೆ."

ಆ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆಯೇ ಅದು ಎಂಥ ಮಾತೆಂದು ನನ್ನ ಕಿವಿಗೆ ಕೇಳಿದ್ದು. ನನಗೆ ಸಿಟ್ಟು ಬಂತು. ನಿರ್ದೇಶಕನ ಮೇಲಲ್ಲ, ನಟಿಯ ಮೇಲಂತೂ ಅಲ್ಲವೇ ಅಲ್ಲ; ರೇಷ್ಮೆ ಸೀರೆಯ ಸೆರಗನ್ನು ಸವರಿ ಆಹಾ ಎನ್ನುವ ಲೋಕಕ್ಕೆಲ್ಲ ಈ ಕೈ ಬೇಕು, ಕೈಯ ಹಿಂದಿನ ಹೆಂಗಸು ಮಾತ್ರ ಬೇಡ, ಮತ್ತು ಆ ಬೇಡವನ್ನು ಕಚ್ಚಿ ಹಿಡಿದಿರುವುದು ಅವಳದೇ ಹಗ್ಗದಿಂದ ನಾನು ಎತ್ತಿಕೊಂಡು ಬಂದ ಕ್ಲಿಪ್ಪು. ಬಾಬಣ್ಣ ಕ್ಲಿಪ್ಪಿನತ್ತ ಹೋದ ನನ್ನ ಕೈ ನೋಡಿಯೇ ಎಲ್ಲ ತಿಳಿದವನಂತೆ "ವದ್ದಮ್ಮಾ, ಬೇಡ" ಎಂದ. ಆ ತಂಡದಲ್ಲಿ ನನ್ನ ಜಾಗ ಅವನ ಮಾತಿನ ಮೇಲೆ ನಿಂತಿತ್ತು, ಅದು ನನಗೂ ಗೊತ್ತಿತ್ತು. ನಾನು ಕ್ಲಿಪ್ಪು ಕಿತ್ತೆ. ಫಾಯಿಲು ಜಾರಿ ನೆಲಕ್ಕೆ ಬಿತ್ತು, ಅಮ್ಮನ ಮುಖದ ಮೇಲೆ ಬೆಳಕು ಬಂತು.

"ಮೇಡಂ, ಮುಖಕ್ಕೆ ಬೀಳ್ತಿದೆ" ಎಂದ ನಿರ್ದೇಶಕ.

"ಬೀಳ್ಲಿ ಸಾರ್" ಎಂದೆ.

ಅವನು ಇನ್ನೇನಾದರೂ ಹೇಳುವ ಮೊದಲೇ ಮಾತಾಡಿದ್ದು ಅಮ್ಮ. "ನೋಡಪ್ಪ, ಕೈ ಬೇಕಾದ್ರೆ ಮುಖಾನೂ ಇರ್ಲಿ. ಮುಖ ಬ್ಯಾಡಾಂದ್ರೆ ಕೈಯೂ ಬ್ಯಾಡ ಬಿಡು. ಎರಡೂ ಒಬ್ಬಳ್ದೇ ಅಲ್ವಾ?" ನಿರ್ದೇಶಕ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ, ಒಂದೇ ಮೂಗು, ಒಂದೇ ಗಲ್ಲ, ಆಗಲೇ ಅವನಿಗೆ ಸಂಬಂಧ ಹೊಳೆದಿರಬೇಕು. ಉಪಾಯವಾಗಿ, ಮೊದಲು ಮುಖವಿರುವ ಶಾಟು ಒಂದು ತೆಗೆಯೋಣ, ಆಮೇಲೆ ಇಲ್ಲದ್ದು ಒಂದು ತೆಗೆಯೋಣ ಎಂದ. ಅಮ್ಮ ಹೂಂ ಎಂದಳು. ಕ್ಯಾಮೆರಾ ಓಡಿತು. ಅವಳು ಗೂಡುಗಳನ್ನು ಒಮ್ಮೆ ಕಲಕಿ, ಎಳೆಗಳನ್ನು ಹಿಡಿದೆತ್ತಿ, ರಾಟೆಗೆ ಕೊಟ್ಟು, ಬೆಳಕಿಗೆ ಕಣ್ಣು ಕಿರಿದು ಮಾಡಿ ನೇರ ಎದುರಿಗೆ ನೋಡಿದಳು. ಕಟ್ ಎಂದ ಕೂಡಲೇ ಕೈ ತೆಗೆದು ತಣ್ಣೀರಿಗದ್ದಿ, ಸೆರಗಿಗೆ ಒರೆಸಿಕೊಂಡು ಎದ್ದಳು. "ಇನ್ನೊಂದು, ಆಂಟಿ" ಎಂದರೆ, "ಸುಡುತ್ತೆ ಕಣಪ್ಪ, ಆಗ್ಲೇ ಹೇಳಿದ್ನಲ್ಲ" ಎಂದು ಬಳೆ ಬಿಚ್ಚಿ ಬಟ್ಟೆಯವರ ಕೈಗಿಟ್ಟಳು.

ಚಿತ್ರ ಬಂತು. ನಾನೂ ಅಮ್ಮನೂ ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ನೋಡಿದೆವು. ಬೇಸಿನ್ನಿತ್ತು, ಹಬೆಯಿತ್ತು, ಸುತ್ತುವ ರಾಟೆಯಿತ್ತು, ಹಬೆಯಾಚೆ ನಟಿಯ ಮುಖವಿತ್ತು. ಅಮ್ಮನ ಮುಖವಿರಲಿಲ್ಲ. ನನಗೆ ನಿರಾಸೆಯಾಯಿತು, ಸುಳ್ಳೇಕೆ ಹೇಳಲಿ. ಅಮ್ಮ ಮಾತ್ರ ಆ ಜಾಗವನ್ನು ಬೆರಳಿಂದ ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದಳು. "ಕೈನೂ ಇಲ್ಲ ನೋಡೇ" ಎಂದು ಜೋರಾಗಿ ನಕ್ಕಳು. "ಬರೀ ಕೈ ತಗೊಂಡ್ಹೋಗಕ್ಕೆ ಆಗ್ಲಿಲ್ಲ ಅವ್ರಿಗೆ!"

ನಾನು ಆ ನಗುವಿನ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ, ಯೋಚಿಸಲು ಬೇಕಾದಷ್ಟು ಬಿಡುವೂ ಸಿಕ್ಕಿತ್ತು, ಏಕೆಂದರೆ ಆ ಚಿತ್ರೀಕರಣದ ನಂತರ ಯಾರೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಕಾಣಿಸಿಕೊಳ್ಳುವುದೇ ದೊಡ್ಡದೆಂದು ನಾವೆಲ್ಲ ನಂಬಿದ ಕಾಲವಿದು. ಅರ್ಧ ಮೈಯಾದರೂ ಸರಿ, ಒಂದು ಬೆರಳಾದರೂ ಸರಿ, ಹೇಗಾದರೂ ಚೌಕಟ್ಟಿನೊಳಗಿದ್ದರೆ ಸಾಕೆಂದು ಹಾತೊರೆಯುತ್ತೇವೆ. ಅಮ್ಮ ಅದಕ್ಕೆ ಒಪ್ಪಲಿಲ್ಲ. ಇದ್ದರೆ ಇಡಿಯಾಗಿ ಇರುತ್ತೇನೆ, ಇಲ್ಲವಾದರೆ ನನ್ನನ್ನು ಬಿಟ್ಟು ನಿಮ್ಮ ಕತೆಯನ್ನು ನೀವೇ ಹೇಳಿಕೊಳ್ಳಿ ಎಂದಳು. ಕೈಗಳಿಲ್ಲದೆ ನೂಲು ತಾನಾಗಿಯೇ ಬಿಚ್ಚಿಕೊಳ್ಳುವ ಆ ದೃಶ್ಯವನ್ನು ನೋಡಿದ ನಮ್ಮೂರಿನವರೆಲ್ಲ, ಹಿಂದೂಗಳು, ಮುಸಲ್ಮಾನರು, ಹೆಂಗಸರು, ಗಂಡಸರು, ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಬಿಚ್ಚುವವರು ಎಲ್ಲಿ? ಆ ಪ್ರಶ್ನೆಯನ್ನು ಅಲ್ಲಿ ಇಟ್ಟವರು ನಾವಿಬ್ಬರು ಎಂಬ ಹೆಮ್ಮೆ ನನಗಿದೆ. ಈ ಹೆಮ್ಮೆಗೆ ಕೆಲಸ ಹೋಗುವುದಾದರೆ ಹೋಗಲಿ, ಬೇರೆ ತಂಡ ನೋಡಿಕೊಂಡರಾಯಿತು ಎಂದುಕೊಂಡಿದ್ದೆ.

ಮೊನ್ನೆ ಬಾಬಣ್ಣನ ಫೋನು ಬಂತು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಡೆ ಕಾರ್ಖಾನೆಯೊಂದರಲ್ಲಿ ಚಿತ್ರೀಕರಣವಂತೆ. "ಚೀಲ ಕಟ್ಕೊಂಡ್ ಬಾರಮ್ಮಾ" ಎಂದ. ಹಳೆಯದರ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಡುವ ಮುಂಚೆ ಮಾತ್ರ ಗಂಟಲು ಸರಿಮಾಡಿಕೊಂಡು, "ಬಾಯಿನೂ ತಗೊಂಬಾ, ಪರ್ವಾಗಿಲ್ಲ" ಎಂದ.

ಇವತ್ತು ಬೆಳಿಗ್ಗೆ ಮಾಳಿಗೆ ಹತ್ತಿದೆ, ಮೊದಲ ಬಾರಿಗೆ ಕಳ್ಳಹೆಜ್ಜೆಯಿಲ್ಲದೆ, ಅಮ್ಮನ ಎದುರಿಗೇ. ಆ ದಿನ ಕಿತ್ತ ಕ್ಲಿಪ್ಪನ್ನು ನಾನು ಸಂಜೆಯೇ ತಂದು ಹಗ್ಗಕ್ಕೆ ಹಾಕಿದ್ದೆ. ಇಷ್ಟು ವರ್ಷಗಳಲ್ಲಿ ಮರಳಿ ಬಂದದ್ದು ಅದೊಂದೇ. ಒಂದು ಬದಿ ಕರಿಗಟ್ಟಿದೆ, ಗುರುತು ಸಿಗುತ್ತದೆ. ಅಮ್ಮನ ಕೆಲಸದ ಸೀರೆಯನ್ನು ಹಿಡಿದುಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಕಚ್ಚುವುದರಲ್ಲಿ ಅದಕ್ಕೆ ಸಮನಾದದ್ದು ಹಗ್ಗದ ಮೇಲೆ ಇನ್ನೊಂದಿಲ್ಲವಾದ್ದರಿಂದ ನನ್ನ ಕೈ ಅಭ್ಯಾಸಬಲದಿಂದ ಅತ್ತಲೇ ಹೋಯಿತು.

"ಎಲ್ಲಾ ಬೇಕಾದ್ರೂ ತಗೊಂಡ್ಹೋಗು, ನಾನೇನೂ ಅನ್ನಲ್ಲ" ಎಂದಳು ಅಮ್ಮ, ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಹಿಂಡುತ್ತ. "ಅದೊಂದ್ ಬಿಟ್ಟು."